ಕಣ್ಣಿಗೆ ಹಿತವಾದ ಹನಿ ಯಾವುದು?

ಕಣ್ಣು ಉರಿಯುತ್ತದೆ, ಮರಳು ಬಿದ್ದಂತೆ ಒತ್ತುತ್ತದೆ, ಸಂಜೆಯ ಹೊತ್ತಿಗೆ ಅಕ್ಷರಗಳು ಮಸುಕಾಗುತ್ತವೆ ಎಂಬ ದೂರನ್ನು ಹಿಂದೆ ಬಹುಮಟ್ಟಿಗೆ ವಯಸ್ಸಾದವರಿಂದ ಕೇಳುತ್ತಿದ್ದೆವು. ಈಗ ಹೈಸ್ಕೂಲು ಕಾಲೇಜುಗಳ ವಿದ್ಯಾರ್ಥಿಗಳೂ ಅದನ್ನೇ ಹೇಳುತ್ತಿದ್ದಾರೆ. ದೂರು ಕೇಳಿದೊಡನೆ ಮನೆಯವರು ಸೂಚಿಸುವ ಪರಿಹಾರವೂ ಒಂದೇ: ಔಷಧದ ಅಂಗಡಿಗೆ ಹೋಗಿ ‘ಕಣ್ಣಿಗೆ ಒಂದು ಡ್ರಾಪ್ಸ್’ ತರುವುದು. ಅಂಗಡಿಯವರು ಒಂದು ಸೀಸೆಯನ್ನು ಕೊಡುತ್ತಾರೆ. ಕೊಳ್ಳುವವನು ಬೆಲೆಯನ್ನು ನೋಡುತ್ತಾನೆ, ಹೆಚ್ಚೆಂದರೆ ಅವಧಿ ಮುಗಿಯುವ ತಾರೀಖನ್ನು ನೋಡುತ್ತಾನೆ; ಒಳಗೇನಿದೆ ಎಂಬುದನ್ನು ನೋಡುವುದಿಲ್ಲ. ಒಂದು ಜೊತೆ ಚಪ್ಪಲಿಯನ್ನು ಕೊಳ್ಳುವಾಗ ಹಾಕಿ, ನಾಲ್ಕು ಹೆಜ್ಜೆ ನಡೆದು, ಕಚ್ಚುತ್ತದೆಯೇ ಎಂದು ಪರೀಕ್ಷಿಸುವ ನಾವು, ದೇಹದ ಅತ್ಯಂತ ಸೂಕ್ಷ್ಮವಾದ ಅವಯವಕ್ಕೆ ದಿನಕ್ಕೆ ನಾಲ್ಕಾರು ಸಲ ಹಾಕುವ ವಸ್ತುವಿನ ವಿಷಯದಲ್ಲಿ ಇಷ್ಟು ಉದಾಸೀನರಾಗಿರುವುದು ವಿಚಿತ್ರವೇ ಸರಿ.

ನನ್ನ ವಾದ ಸರಳವಾದುದು. ಒಣಗಿದ ಕಣ್ಣಿಗೆ ಹನಿಯನ್ನು ಆರಿಸುವಾಗ ಹಿತವೇ ಸರಿಯಾದ ಅಳತೆಗೋಲು. ಅದನ್ನು ಸುಖಜೀವಿಗಳ ಚಪಲವೆಂದು ತಳ್ಳಿಹಾಕಬೇಕಾಗಿಲ್ಲ. ಆದರೆ ಆ ಹಿತವನ್ನು ಹನಿ ಬಿದ್ದ ಮೊದಲ ನಿಮಿಷದಲ್ಲಿ ಅಳೆಯಬಾರದು, ತಿಂಗಳ ಕೊನೆಯಲ್ಲಿ ಅಳೆಯಬೇಕು. ಹಾಗೆ ಅಳೆದಾಗ, ಸೀಸೆಯ ಮೇಲೆ ದೊಡ್ಡದಾಗಿ ಅಚ್ಚಾದ ಹೆಸರಿಗಿಂತ ಸಣ್ಣ ಅಕ್ಷರದಲ್ಲಿ ಅಡಗಿರುವ ಒಂದು ಪದವೇ ಹೆಚ್ಚು ಮುಖ್ಯವಾಗುತ್ತದೆ. ಆ ಪದಕ್ಕೆ ಬರುವ ಮೊದಲು ಕಣ್ಣೀರಿನ ವಿಚಾರವಾಗಿ ನಾಲ್ಕು ಮಾತು ಹೇಳುವುದು ಅವಶ್ಯ.

ಕಣ್ಣೀರೆಂದರೆ ಉಪ್ಪುನೀರು ಎಂದು ತಿಳಿಯುವುದು ವಾಡಿಕೆ. ಅಳುವಾಗ ಕೆನ್ನೆಯ ಮೇಲೆ ಇಳಿಯುವ ನೀರಿಗೆ ಈ ಮಾತು ಸ್ವಲ್ಪಮಟ್ಟಿಗೆ ಒಪ್ಪೀತು. ಆದರೆ ನಾವು ಎಚ್ಚರವಾಗಿರುವಷ್ಟು ಹೊತ್ತೂ ಕಣ್ಣುಗುಡ್ಡೆಯ ಮುಂಭಾಗವನ್ನು ಆವರಿಸಿಕೊಂಡಿರುವ ಕಣ್ಣೀರಿನ ಪೊರೆ ಬೇರೆಯೇ ವಸ್ತು. ಅದರ ದಪ್ಪ ಸುಮಾರು 3 ಮೈಕ್ರೊಮೀಟರ್, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲು. ಇಷ್ಟು ತೆಳುವಾದ ಪೊರೆಯೊಳಗೂ ಒಂದು ರಚನೆಯಿದೆ. ಕಣ್ಣಿನ ಕಪ್ಪು ಭಾಗದ ಮುಂದಿರುವ ಪಾರದರ್ಶಕ ಪಟಲಕ್ಕೆ ಕಾರ್ನಿಯ ಎಂದು ಹೆಸರು. ಅದಕ್ಕೆ ಅಂಟಿಕೊಂಡಂತೆ ಲೋಳೆಯ ಪದರವಿದೆ. ಕೆಸುವಿನೆಲೆಯ ಮೇಲಿನ ನೀರಿನಂತೆ ಕಣ್ಣೀರು ಗುಂಡಾಗಿ ನಿಲ್ಲದೆ ಎಲ್ಲೆಡೆ ಸಮನಾಗಿ ಹರಡಿಕೊಳ್ಳುವುದು ಈ ಲೋಳೆಯಿಂದಲೇ. ಅದರ ಮೇಲೆ ಲವಣಗಳನ್ನೂ ಪ್ರೋಟೀನುಗಳನ್ನೂ ಒಳಗೊಂಡ ನೀರು. ಎಲ್ಲಕ್ಕೂ ಮೇಲೆ, ಆ ನೀರು ಆವಿಯಾಗದಂತೆ ತಡೆಯುವ ಎಣ್ಣೆಯ ತೆರೆ. ಈ ಎಣ್ಣೆಯನ್ನು ಸ್ರವಿಸುವ ಗ್ರಂಥಿಗಳು ರೆಪ್ಪೆಗಳ ಅಂಚಿನಲ್ಲಿ ಸಾಲಾಗಿವೆ. 1666ರಲ್ಲಿ ಅವನ್ನು ವರ್ಣಿಸಿದ ಜರ್ಮನ್ ವೈದ್ಯ ಹೈನ್ರಿಕ್ ಮೈಬೋಮ್‌ನ ಹೆಸರಿನಿಂದಲೇ ಅವು ಇಂದಿಗೂ ಪ್ರಸಿದ್ಧವಾಗಿವೆ. ನೀರಿನಲ್ಲಿರುವ ಪ್ರೋಟೀನುಗಳೂ ವ್ಯರ್ಥವಲ್ಲ. ಪೆನಿಸಿಲಿನ್ ಕಣ್ಣಿಗೆ ಬೀಳುವುದಕ್ಕೆ ಆರು ವರ್ಷ ಮೊದಲು, 1922ರಲ್ಲಿ, ಅಲೆಕ್ಸಾಂಡರ್ ಫ್ಲೆಮಿಂಗ್ ಕೆಲವು ಬ್ಯಾಕ್ಟೀರಿಯಗಳನ್ನು ಕರಗಿಸಬಲ್ಲ ಲೈಸೊಜೈಮ್ ಎಂಬ ಕಿಣ್ವವನ್ನು ಪ್ರಕಟಪಡಿಸಿದನು. ಅದು ಹೇರಳವಾಗಿ ದೊರೆಯುತ್ತಿದ್ದುದು ಕಣ್ಣೀರಿನಲ್ಲಿ. ಬೇಕಾದಷ್ಟು ಕಣ್ಣೀರನ್ನು ಸಂಗ್ರಹಿಸಲು ಅವನು ಜೊತೆಯವರ ಕಣ್ಣಿಗೆ ನಿಂಬೆಹಣ್ಣಿನ ರಸವನ್ನು ತಾಗಿಸುತ್ತಿದ್ದನಂತೆ. ವಿಜ್ಞಾನಕ್ಕಾಗಿ ಅತ್ತವರ ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ!

ರೆಪ್ಪೆ ಮಿಟುಕಿದಾಗಲೆಲ್ಲ ಈ ಪೊರೆ ಹೊಸದಾಗಿ ಬಳಿಯಲ್ಪಡುತ್ತದೆ. ಸಾಧಾರಣವಾಗಿ ನಿಮಿಷಕ್ಕೆ ಸುಮಾರು 15 ಸಲ ಮಿಟುಕಿಸುವ ನಾವು, ಕಂಪ್ಯೂಟರಿನ ಅಥವಾ ಮೊಬೈಲಿನ ಪರದೆಯನ್ನು ನೆಟ್ಟ ನೋಟದಿಂದ ನೋಡುತ್ತಿರುವಾಗ ಅದರ ಅರ್ಧದಷ್ಟೂ ಮಿಟುಕಿಸುವುದಿಲ್ಲ. ಮಿಟುಕಿಸಿದರೂ ಅನೇಕ ವೇಳೆ ರೆಪ್ಪೆಗಳು ಪೂರ್ತಿ ಕೂಡುವುದಿಲ್ಲ. ಆರೋಗ್ಯವಂತರಲ್ಲಿ ಒಂದು ಮಿಟುಕಿನಿಂದ ಇನ್ನೊಂದರವರೆಗೆ ಪೊರೆ ಹರಿಯದೆ ನಿಲ್ಲಬೇಕು. ಹತ್ತು ಸೆಕೆಂಡು ತುಂಬುವ ಮೊದಲೇ ಅದು ಅಲ್ಲಲ್ಲಿ ಒಡೆದರೆ ವೈದ್ಯರು ಒಣಗಣ್ಣನ್ನು ಸಂಶಯಿಸುತ್ತಾರೆ. ಒಡೆದ ಕಡೆಯಲ್ಲಿ ನೀರು ಆವಿಯಾಗಿ ಉಪ್ಪಿನ ಸಾಂದ್ರತೆ ಏರುತ್ತದೆ, ಜೀವಕೋಶಗಳು ಬಾಡುತ್ತವೆ, ದಟ್ಟವಾಗಿ ಹಬ್ಬಿರುವ ನರತುದಿಗಳು ಮಿದುಳಿಗೆ ದೂರು ಕೊಡುತ್ತವೆ. ಆಗ ಕಣ್ಣೀರಿನ ಗ್ರಂಥಿ ಗಾಬರಿಬಿದ್ದಂತೆ ಒಮ್ಮೆಲೇ ನೀರನ್ನು ಸುರಿಸುವುದುಂಟು. ‘ನನ್ನ ಕಣ್ಣಿನಲ್ಲಿ ಸದಾ ನೀರು ಬರುತ್ತದೆ, ಅದು ಒಣಗಿದೆಯೆಂದು ಹೇಗೆ ಹೇಳುತ್ತೀರಿ?’ ಎಂದು ಕೇಳುವವರಿಗೆ ಇದೇ ಉತ್ತರ: ಹಾಗೆ ಬರುವ ನೀರಿನಲ್ಲಿ ಎಣ್ಣೆಯೂ ಲೋಳೆಯೂ ಸಾಕಷ್ಟಿಲ್ಲದ್ದರಿಂದ ಅದು ನಿಲ್ಲದೆ ಹರಿದುಹೋಗುತ್ತದೆ.

ಕಾರಣಗಳ ಪಟ್ಟಿ ಉದ್ದವಾಗಿದೆ. ನೇರವಾಗಿ ಮುಖಕ್ಕೆ ಬೀಸುವ ಫ್ಯಾನು, ಹವಾನಿಯಂತ್ರಿತ ಕೊಠಡಿ, ಬಯಲುಸೀಮೆಯ ಬೇಸಗೆಯ ಗಾಳಿ, ನೆಗಡಿ ಅಲರ್ಜಿಗಳಿಗೆ ನುಂಗುವ ಕೆಲವು ಮಾತ್ರೆಗಳು, ಕಾಂಟ್ಯಾಕ್ಟ್ ಲೆನ್ಸು, ದೃಷ್ಟಿದೋಷಕ್ಕೆ ಮಾಡಿಸಿಕೊಂಡ ಲೇಸರ್ ಚಿಕಿತ್ಸೆ, ವಯಸ್ಸು, ಮುಟ್ಟು ನಿಂತ ಸ್ತ್ರೀಯರಲ್ಲಿ ಹಾರ್ಮೋನುಗಳ ವ್ಯತ್ಯಾಸ, ಇವೆಲ್ಲ ಸೇರುತ್ತವೆ. ಕಣ್ಣಿನ ಜೊತೆಗೆ ಬಾಯಿಯೂ ಒಣಗಿ ಕೀಲುಗಳು ನೋಯುತ್ತಿದ್ದರೆ ಅದು ದೇಹವ್ಯಾಪಿಯಾದ ಒಂದು ರೋಗದ ಸೂಚನೆಯಾಗಿರಬಹುದು. ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಷೋಗ್ರೆನ್ 1933ರ ತನ್ನ ಪ್ರಬಂಧದಲ್ಲಿ ಇದನ್ನು ವಿವರವಾಗಿ ನಿರೂಪಿಸಿದನು. ಅಂಥವರು ಅಂಗಡಿಗಲ್ಲ, ವೈದ್ಯರಲ್ಲಿಗೆ ಹೋಗಬೇಕು.

ಇನ್ನು ಹನಿಯ ವಿಷಯ. ನಮ್ಮ ಕಣ್ಣಿನಲ್ಲಿ ಯಾವುದೇ ಕ್ಷಣದಲ್ಲಿ ಇರುವ ಕಣ್ಣೀರು ಸುಮಾರು 7 ಮೈಕ್ರೊಲೀಟರ್ ಮಾತ್ರ. ಸೀಸೆಯಿಂದ ಬೀಳುವ ಒಂದು ಹನಿ 30ರಿಂದ 50 ಮೈಕ್ರೊಲೀಟರ್. ಕಣ್ಣು ಎಷ್ಟು ಹಿಗ್ಗಿ ಹಿಡಿದುಕೊಂಡರೂ ಅದರ ಅಳವು ಸುಮಾರು 30. ಆದಕಾರಣ ‘ಎರಡು ಹನಿ ಹಾಕಿದರೆ ಇಮ್ಮಡಿ ಗುಣ’ ಎಂಬುದು ಬರಿಯ ಭ್ರಮೆ. ಎರಡನೆಯ ಹನಿ ಕೆನ್ನೆಗೆ ಇಳಿಯುತ್ತದೆ, ಇಲ್ಲವೆ ಮೂಗಿನೊಳಕ್ಕೆ ಹೋಗುವ ಸಣ್ಣ ನಾಳದ ಮೂಲಕ ಗಂಟಲನ್ನು ಸೇರಿ ಬಾಯಿಯಲ್ಲಿ ಕಹಿಯಾಗುತ್ತದೆ. ಒಳಗೆ ಉಳಿದದ್ದೂ ಬಹಳ ಹೊತ್ತು ನಿಲ್ಲುವುದಿಲ್ಲ. ಬರಿಯ ಉಪ್ಪುನೀರಾದರೆ ಕೆಲವೇ ನಿಮಿಷಗಳಲ್ಲಿ ತೊಳೆದುಹೋಗುತ್ತದೆ. ಹನಿಯನ್ನು ಕಣ್ಣಿನಲ್ಲಿ ನಿಲ್ಲಿಸುವುದು ಹೇಗೆ ಎಂಬುದೇ ಈ ಶಾಸ್ತ್ರದ ಮುಖ್ಯ ಪ್ರಶ್ನೆ. ಅಮೆರಿಕದ ಕೆನೆತ್ ಸ್ವಾನ್ 1945ರಲ್ಲಿ ಮೀಥೈಲ್ ಸೆಲ್ಯುಲೋಸನ್ನು ಕಣ್ಣಿಗೆ ಬಳಸುವ ಕ್ರಮವನ್ನು ಪ್ರಕಟಿಸಿದ ಮೇಲೆ ಉತ್ತರದ ದಾರಿ ತೆರೆಯಿತು: ನೀರನ್ನು ಅಪ್ಪಿ ಹಿಡಿದುಕೊಳ್ಳುವ ಉದ್ದನೆಯ ಸರಪಣಿಯಂಥ ಅಣುಗಳನ್ನು ದ್ರಾವಣದಲ್ಲಿ ಬೆರೆಸುವುದು.

ಈಗ ಅಂಗಡಿಗಳಲ್ಲಿ ದೊರೆಯುವ ಹನಿಗಳೆಲ್ಲ ಈ ದಾರಿಯಲ್ಲಿ ಹೊರಟವೇ. ಹತ್ತಿಯ ಅಥವಾ ಮರದ ತಿರುಳಿನ ಸೆಲ್ಯುಲೋಸಿನಿಂದ ಮಾಡಿದ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಇವುಗಳಲ್ಲಿ ಅತ್ಯಂತ ಸಾಮಾನ್ಯ, 0.5 ಶೇಕಡದ್ದು ತೆಳು, 1 ಶೇಕಡದ್ದು ಮಂದ. ಇನ್ನೊಂದು ಬಗೆಯದು ನಮ್ಮ ಅಡಿಗೆಮನೆಗೆ ಹತ್ತಿರದ ನಂಟನ್ನು ಹೊಂದಿದೆ. ನಾವು ಗೋರಿಕಾಯಿ ಎಂದೂ ಉತ್ತರ ಕರ್ನಾಟಕದವರು ಚವಳಿಕಾಯಿ ಎಂದೂ ಕರೆದು ಪಲ್ಯ ಮಾಡುವ ಕಾಯಿಯ ಬೀಜದಲ್ಲಿ ಗ್ವಾರ್ ಎಂಬ ಅಂಟಿದೆ. ಈ ಬೀಜವನ್ನು ಹೇರಳವಾಗಿ ಬೆಳೆಯುವ ನಾಡು ರಾಜಸ್ಥಾನ. ರಾಸಾಯನಿಕವಾಗಿ ಸ್ವಲ್ಪ ಮಾರ್ಪಡಿಸಿದ ಈ ಅಂಟು ಸೀಸೆಯೊಳಗೆ ತೆಳುವಾಗಿದ್ದು, ಕಣ್ಣೀರನ್ನು ಕೂಡಿದೊಡನೆ ಬೋರೇಟಿನ ಜೊತೆ ಬೆಸೆದುಕೊಂಡು ಮೆತುವಾದ ಜೆಲ್ಲಾಗುತ್ತದೆ. ಮೂರನೆಯದು ಹಯಲುರೋನಿಕ್ ಆಮ್ಲದ ಸೋಡಿಯಂ ಲವಣ. ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ 1934ರಲ್ಲಿ ಇದನ್ನು ದನದ ಕಣ್ಣಿನೊಳಗಿನ ಗಾಜಿನಂಥ ದ್ರವದಿಂದ ಬೇರ್ಪಡಿಸಿದರು. ಗ್ರೀಕ್ ಭಾಷೆಯಲ್ಲಿ ಗಾಜಿಗಿರುವ ಹೆಸರೇ ಇದರ ಹೆಸರಿನಲ್ಲಿ ಸೇರಿಕೊಂಡಿದೆ. ಇದರ ಗುಣ ಸ್ವಾರಸ್ಯವಾದುದು. ರೆಪ್ಪೆ ವೇಗವಾಗಿ ಉಜ್ಜಿದಾಗ ಇದರ ಸ್ನಿಗ್ಧತೆ ತಗ್ಗಿ ನೀರಿನಂತೆ ಜಾರುತ್ತದೆ. ಉಜ್ಜುವುದು ನಿಂತೊಡನೆ ಮತ್ತೆ ಮಂದವಾಗಿ ಪೊರೆಯನ್ನು ಹಿಡಿದು ನಿಲ್ಲಿಸುತ್ತದೆ. ನಿಜವಾದ ಕಣ್ಣೀರಿನ ವರ್ತನೆಯೂ ಇಂಥದೇ.

ಜೆಲ್ಲುಗಳು ಇನ್ನೂ ಮಂದ. ಪಾಲಿಯಾಕ್ರಿಲಿಕ್ ಆಮ್ಲದ ಜೆಲ್ಲು ಕಣ್ಣೀರಿನ ಉಪ್ಪು ತಾಗಿದಂತೆಲ್ಲ ಸ್ವಲ್ಪಸ್ವಲ್ಪವೇ ಬಿಟ್ಟುಕೊಂಡು ಬಹಳ ಹೊತ್ತು ಇರುತ್ತದೆ. ಇವೆಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದು ವ್ಯಾಸಲೀನಿನ ಜಾತಿಯ ಮುಲಾಮು. ಆದರೆ ಮಂದವಾದಷ್ಟೂ ದೃಷ್ಟಿ ಮಬ್ಬಾಗುತ್ತದೆ. ಹಗಲಿನಲ್ಲಿ ಜೆಲ್ಲು ಹಾಕಿಕೊಂಡು ಸೈಕಲ್ ಹತ್ತುವವನು ತನಗೂ ಎದುರಿಗೆ ಬರುವವರಿಗೂ ಅಪಾಯವನ್ನು ತರುತ್ತಾನೆ. ಆದುದರಿಂದ ಹಗಲಿಗೆ ತೆಳುವಾದ ಹನಿ, ಮಲಗುವಾಗ ಜೆಲ್ಲು ಅಥವಾ ಮುಲಾಮು ಎಂಬ ಕ್ರಮ ಏರ್ಪಟ್ಟಿದೆ. ರೆಪ್ಪೆಯ ಎಣ್ಣೆಗ್ರಂಥಿಗಳು ಕಟ್ಟಿಕೊಂಡಿರುವವರಿಗೆ ಎಣ್ಣೆಯ ಅತಿ ಸೂಕ್ಷ್ಮ ಬಿಂದುಗಳನ್ನು ಬೆರೆಸಿದ, ಹಾಲಿನಂತೆ ಕಾಣುವ ಹನಿಗಳಿವೆ. ಅಂಥವರಿಗೆ ದಿನವೂ ಹತ್ತು ನಿಮಿಷ ಬಿಸಿ ಬಟ್ಟೆಯ ಶಾಖ ಕೊಡುವುದು ಹನಿಯಷ್ಟೇ ಪ್ರಯೋಜನಕಾರಿ.

ಇಷ್ಟರಲ್ಲಿ ಯಾವುದು ಉತ್ತಮ? ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2016ರಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು, ಸುಮಾರು 3500 ಮಂದಿಯ ಮೇಲೆ ನಡೆದ 43 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು. ಇಂಥ ಹನಿಗಳು ಉಪಶಮನ ಕೊಡಬಹುದು, ಅಪಾಯವೂ ಹೆಚ್ಚಿಲ್ಲ, ಆದರೆ ಇದೇ ಎಲ್ಲಕ್ಕಿಂತ ಮೇಲೆಂದು ಹೇಳಲು ಸಾಕಷ್ಟು ಆಧಾರವಿಲ್ಲ ಎಂಬುದು ಅದರ ತೀರ್ಮಾನ. ಕೆಲವರು ಇದನ್ನು ಓದಿ, ಹಾಗಾದರೆ ಎಲ್ಲವೂ ಒಂದೇ, ಅಗ್ಗವಾದದ್ದನ್ನು ತನ್ನಿ ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ನೂರು ಮಂದಿಯ ಸರಾಸರಿಯಲ್ಲಿ ಎರಡು ಹನಿಗಳು ಸಮನಾಗಿದ್ದ ಮಾತ್ರಕ್ಕೆ ಒಬ್ಬೊಬ್ಬನ ಕಣ್ಣಿನಲ್ಲಿಯೂ ಅವು ಸಮವೆಂದಾಗುವುದಿಲ್ಲ. ಒಬ್ಬನಲ್ಲಿ ನೀರು ಕಡಿಮೆ, ಇನ್ನೊಬ್ಬನಲ್ಲಿ ಎಣ್ಣೆ ಕಡಿಮೆ. ಒಬ್ಬನಿಗೆ ಮಬ್ಬು ಸಹಿಸದು, ಇನ್ನೊಬ್ಬನಿಗೆ ಪದೇಪದೇ ಹಾಕಲು ಬಿಡುವಿಲ್ಲ. ಸರಾಸರಿ ಚಪ್ಪಲಿಯ ಅಳತೆಯಿಂದ ಊರಿನವರಿಗೆಲ್ಲ ಚಪ್ಪಲಿ ಹೊಲಿಸಿದರೆ ಏನಾದೀತೆಂದು ವಿದ್ಯಾರ್ಥಿಗಳೇ ಯೋಚಿಸಲಿ.

ಹಿತವನ್ನು ನೋಡಿ ಆರಿಸಬೇಕು ಎಂದೊಡನೆ ಹಿತದ ವೇಷ ಹಾಕಿಕೊಂಡು ಬರುವ ಕೆಲವನ್ನು ಬೇರ್ಪಡಿಸಬೇಕಾಗುತ್ತದೆ. ಮೊದಲನೆಯದು ಬಿಳುಪು. ಕೆಂಪಾದ ಕಣ್ಣನ್ನು ಕೆಲವೇ ನಿಮಿಷಗಳಲ್ಲಿ ಬೆಳ್ಳಗೆ ಮಾಡುವ ಹನಿಗಳುಂಟು. ನಾಫಜೋಲಿನ್‌ನಂಥ ಔಷಧ ಅದರಲ್ಲಿದ್ದು, ರಕ್ತನಾಳಗಳನ್ನು ಬಿಗಿಯುತ್ತದೆ. ಕಣ್ಣಿನ ಶುಷ್ಕತೆಗೆ ಅದರಿಂದ ಏನೂ ಆಗುವುದಿಲ್ಲ. ಔಷಧದ ಶಕ್ತಿ ಇಳಿದೊಡನೆ ನಾಳಗಳು ಮೊದಲಿಗಿಂತಲೂ ಹಿಗ್ಗಿ ಕಣ್ಣು ಇನ್ನಷ್ಟು ಕೆಂಪಾಗುವುದುಂಟು. ಆಗ ಮತ್ತೆ ಹನಿ, ಮತ್ತೆ ಕೆಂಪು. ಎರಡನೆಯದು ತಂಪು. ಮೆಂಥಾಲ್, ಕರ್ಪೂರ ಮೊದಲಾದುವು ಕಣ್ಣಿನ ಶೀತಗ್ರಾಹಿ ನರಗಳನ್ನು ಕೆರಳಿಸಿ ತಣ್ಣಗಾದಂತೆ ತೋರಿಸುತ್ತವೆ. ಆ ತಂಪು ನರಗಳ ವರದಿಯೇ ಹೊರತು ಪೊರೆ ಬಲವಾಯಿತೆಂಬುದಕ್ಕೆ ಸಾಕ್ಷಿಯಲ್ಲ. ಮೂರನೆಯದು ಎಲ್ಲಕ್ಕಿಂತ ಅಪಾಯಕರವಾದ ಸ್ಟಿರಾಯ್ಡ್ ಹನಿ. ಎಂದೋ ಯಾರಿಗೋ ವೈದ್ಯರು ಬರೆದುಕೊಟ್ಟದ್ದನ್ನು ಅಂಗಡಿಯಿಂದ ಮತ್ತೆಮತ್ತೆ ತಂದು ಹಾಕುವ ಅಭ್ಯಾಸ ನಮ್ಮಲ್ಲಿದೆ. ಉರಿಯೇನೋ ಬಹು ಬೇಗ ಶಮನವಾಗುತ್ತದೆ. ಆದರೆ ವೈದ್ಯರ ಕಣ್ಗಾವಲಿಲ್ಲದೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮವೂ, ಮಸೂರ ಮಸುಕಾಗಿ ಪೊರೆಯೂ ಬರಬಹುದು. ಗ್ಲಾಕೋಮದಿಂದ ಹೋದ ದೃಷ್ಟಿ ಮರಳಿ ಬರುವುದಿಲ್ಲ. ಮನೆಮದ್ದುಗಳ ವಿಷಯವಾಗಿಯೂ ಒಂದು ಮಾತು. ಪನ್ನೀರು, ಜೇನುತುಪ್ಪ, ಹರಳೆಣ್ಣೆಗಳನ್ನು ಕಣ್ಣಿಗೆ ಬಿಡುವ ಪದ್ಧತಿ ಹಳೆಯದು. ಹರಳೆಣ್ಣೆಯನ್ನು ಶುದ್ಧೀಕರಿಸಿ ಸೇರಿಸಿದ ಹನಿಗಳನ್ನು ಕಾರ್ಖಾನೆಗಳೂ ತಯಾರಿಸಿವೆ. ಹಿರಿಯರ ಊಹೆಯಲ್ಲಿ ಅಷ್ಟು ಸತ್ಯಾಂಶವಿತ್ತು. ಆದರೆ ಅಡಿಗೆಮನೆಯ ಸೀಸೆಯಲ್ಲಿರುವುದು ಕ್ರಿಮಿರಹಿತವಲ್ಲ, ಅದೇ ತೊಡಕು.

ಹಿತವನ್ನು ಅಳೆಯುವ ಕ್ರಮವೂ ವಿಜ್ಞಾನದ ವಿದ್ಯಾರ್ಥಿಗೆ ತಕ್ಕುದಾಗಿರಬೇಕು. ಅಮೆರಿಕದಲ್ಲಿ 535 ಮಂದಿ ಒಣಗಣ್ಣಿನವರ ಮೇಲೆ ಒಂದು ವರ್ಷ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವೊಂದನ್ನು ಇಲ್ಲಿ ನೆನೆಯಬಹುದು. ಮೀನೆಣ್ಣೆಯ ಒಮೆಗಾ-3 ಮಾತ್ರೆಗಳು ಒಣಗಣ್ಣಿಗೆ ಒಳ್ಳೆಯವೆಂದು ಬಹಳ ಪ್ರಚಾರವಿದ್ದಿತು. ಪ್ರಯೋಗದಲ್ಲಿ ಮೀನೆಣ್ಣೆ ನುಂಗಿದವರ ತೊಂದರೆ ನಿಜವಾಗಿಯೂ ಇಳಿಯಿತು. ಆದರೆ ಅವರಿಗೆ ತಿಳಿಯದಂತೆ ಬರಿಯ ಆಲಿವ್ ಎಣ್ಣೆಯನ್ನು ನುಂಗಿದವರ ತೊಂದರೆಯೂ ಹೆಚ್ಚುಕಡಮೆ ಅಷ್ಟೇ ಇಳಿಯಿತು! ಒಣಗಣ್ಣು ಋತುವಿನೊಡನೆ, ಕೆಲಸದೊಡನೆ, ಮನಸ್ಸಿನೊಡನೆ ಏರಿಳಿಯುವ ತೊಂದರೆ. ಬಹಳ ಕೆಟ್ಟದಾಗಿದ್ದಾಗ ಮದ್ದು ಹಿಡಿದವನಿಗೆ ಹೇಗೂ ಸ್ವಲ್ಪ ಗುಣ ಕಾಣುತ್ತದೆ. ಆದುದರಿಂದ ಮೂರು ದಿನಕ್ಕೊಂದು ಹನಿಯನ್ನು ಬದಲಿಸುತ್ತ, ಸ್ನೇಹಿತ ಹೇಳಿದನೆಂದು ಇನ್ನೊಂದನ್ನು ತರುತ್ತ ಹೋದರೆ ಯಾವುದರ ಗುಣವೂ ತಿಳಿಯುವುದಿಲ್ಲ. ಒಂದು ಕಾಲಕ್ಕೆ ಒಂದೇ ಹನಿ. ಅದನ್ನು ಮೂರು ನಾಲ್ಕು ವಾರ ನಿಯಮವಾಗಿ ಹಾಕುವುದು. ಪ್ರತಿ ಸಂಜೆ ಓದು ನಿಲ್ಲಿಸುವ ಹೊತ್ತಿಗೆ ಕಣ್ಣು ಹೇಗಿತ್ತೆಂದು ಹತ್ತಕ್ಕೆ ಇಷ್ಟು ಎಂದು ದಿನಚರಿಯಲ್ಲಿ ಬರೆಯುವುದು. ಭೌತಶಾಸ್ತ್ರದ ಪ್ರಯೋಗಪುಸ್ತಕವನ್ನು ಇಟ್ಟುಕೊಳ್ಳುವ ವಿದ್ಯಾರ್ಥಿಗೆ ಇದು ಕಷ್ಟವಲ್ಲ. ಹಾಕಿದೊಡನೆ ಕ್ಷಣಕಾಲ ಚುರುಗುಟ್ಟುವುದು ಅಷ್ಟು ಮುಖ್ಯವಲ್ಲ. ಬಾಡಿದ ಕಣ್ಣಿಗೆ ಮೊದಮೊದಲು ಯಾವುದೂ ಚುರುಗುಟ್ಟಬಹುದು. ಆದರೆ ವಾರಗಳು ಕಳೆದಂತೆಲ್ಲ ಚುರುಕು ಹೆಚ್ಚುತ್ತ ಹೋದರೆ, ದಿನಕ್ಕೆ ನಾಲ್ಕು ಸಲ ಸಾಕಾಗುತ್ತಿದ್ದುದು ಎಂಟಾಗಿ ಹತ್ತಾದರೆ, ಹನಿಯೇ ಕಣ್ಣನ್ನು ಕೆಡಿಸುತ್ತಿರಬಹುದು.

ಹನಿಯೇ ಕಣ್ಣನ್ನು ಕೆಡಿಸುವುದೆಂದರೇನು? ಈಗ ನಾನು ಮೊದಲೇ ಸೂಚಿಸಿದ ಆ ಸಣ್ಣ ಅಕ್ಷರದ ಪದಕ್ಕೆ ಬರೋಣ.

ಮೂಗುತಿಯಂಥ ತುದಿಯುಳ್ಳ ಸೀಸೆಯನ್ನು ಒಮ್ಮೆ ತೆರೆದರೆ ಪ್ರತಿಸಲ ಹಿಂಡಿ ಬಿಟ್ಟಾಗಲೂ ಹೊರಗಿನ ಗಾಳಿ ಒಳಕ್ಕೆ ಸೇರುತ್ತದೆ. ತುದಿ ಬೆರಳಿಗೋ ರೆಪ್ಪೆಗೋ ತಾಗುತ್ತದೆ. ಸೂಕ್ಷ್ಮಜೀವಿಗಳು ಒಳಹೊಕ್ಕು ಬೆಳೆಯದಂತೆ ದ್ರಾವಣದಲ್ಲಿ ಒಂದು ಸಂರಕ್ಷಕವನ್ನು ಬೆರೆಸುತ್ತಾರೆ. ಬಹುಕಾಲದಿಂದ ಹೆಚ್ಚಾಗಿ ಬಳಕೆಯಲ್ಲಿರುವುದು ಬೆಂಜಾಲ್ಕೋನಿಯಮ್ ಕ್ಲೋರೈಡ್. ಇದರ ಕ್ರಿಮಿನಾಶಕ ಗುಣವನ್ನು 1935ರಲ್ಲಿ ತೋರಿಸಿದವನು ಗೆರ್ಹಾರ್ಡ್ ಡೋಮಾಕ್. ಸಲ್ಫಾ ಔಷಧಗಳಿಗಾಗಿ 1939ರ ನೊಬೆಲ್ ಪಾರಿತೋಷಕವನ್ನು ಪಡೆದವನೂ ಅವನೇ. ಈ ಅಣುವಿಗೆ ನೀರನ್ನು ಒಲಿಯುವ ಒಂದು ತಲೆ, ಕೊಬ್ಬನ್ನು ಒಲಿಯುವ ಒಂದು ಉದ್ದನೆಯ ಬಾಲ. ಬಾಲ ಬ್ಯಾಕ್ಟೀರಿಯದ ಕೊಬ್ಬಿನ ಹೊದಿಕೆಯೊಳಕ್ಕೆ ತೂರಿಕೊಂಡು ಅದನ್ನು ಹರಿಯುತ್ತದೆ. ಸಾಬೂನು ಜಿಡ್ಡನ್ನು ಬಿಡಿಸುವ ರೀತಿಯೂ ಇದೇ. ತೊಂದರೆಯೇನೆಂದರೆ, ಅಣುವಿಗೆ ಬ್ಯಾಕ್ಟೀರಿಯದ ಹೊದಿಕೆ ಯಾವುದು, ಕಾರ್ನಿಯದ ಜೀವಕೋಶದ ಹೊದಿಕೆ ಯಾವುದು ಎಂಬ ವಿವೇಚನೆಯಿಲ್ಲ. ಕಣ್ಣೀರಿನ ಮೇಲಿನ ಎಣ್ಣೆಯ ತೆರೆಯನ್ನೂ ಅದು ಒಡೆಯುತ್ತದೆ. ಎಣ್ಣೆಯ ತೆರೆ ಒಡೆದರೆ ಕಣ್ಣು ಒಣಗುತ್ತದೆ. ಒಣಗಿದ್ದಕ್ಕೆ ಹನಿ ಹಾಕುತ್ತೇವೆ. ಹನಿಯೊಡನೆ ಮತ್ತಷ್ಟು ಸಂರಕ್ಷಕ.

ಅದರ ಪ್ರಮಾಣ ಅತ್ಯಲ್ಪ, ನೂರಕ್ಕೆ 0.02 ಪಾಲು ಅಥವಾ ಅದಕ್ಕಿಂತ ಕಡಿಮೆ. ಅಪರೂಪಕ್ಕೆ ಒಂದೆರಡು ಹನಿ ಹಾಕುವವನಿಗೆ ಇದರಿಂದ ಬಾಧೆಯಿಲ್ಲ, ಸುಮ್ಮನೆ ಹೆದರಬೇಕಾದುದಿಲ್ಲ. ಆದರೆ ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾಗುವವರು ಸಂರಕ್ಷಕವಿಲ್ಲದ ಹನಿಯನ್ನೇ ಬಳಸಬೇಕೆಂಬುದು ನೇತ್ರತಜ್ಞರ ಸಾಮಾನ್ಯ ಸಲಹೆ. ಮೃದುವಾದ ಕಾಂಟ್ಯಾಕ್ಟ್ ಲೆನ್ಸು ಈ ವಸ್ತುವನ್ನು ಹೀರಿಕೊಂಡು ದಿನವಿಡೀ ಕಣ್ಣಿಗೆ ಒಸರುತ್ತಿರುವುದರಿಂದ ಲೆನ್ಸು ಹಾಕಿಕೊಂಡಿರುವಾಗ ಇಂಥ ಹನಿ ಕೂಡದು. ಎಲ್ಲರಿಗಿಂತ ಹೆಚ್ಚು ಕಷ್ಟ ಗ್ಲಾಕೋಮದ ರೋಗಿಗಳಿಗೆ. ಅವರು ಜೀವಮಾನವಿಡೀ ಹಾಕಬೇಕಾದ ಔಷಧಗಳಲ್ಲಿ ಅನೇಕವು ಇದೇ ಸಂರಕ್ಷಕವನ್ನು ಹೊಂದಿವೆ. ಕಣ್ಣು ಒಣಗಿತೆಂದು ಇನ್ನೊಂದು ಹನಿಯನ್ನು ತಂದರೆ ಅದರಲ್ಲಿಯೂ ಅದೇ. ಆ ಔಷಧವನ್ನು ನಿಲ್ಲಿಸುವಂತಿಲ್ಲ. ಎರಡನೆಯ ಹನಿಯನ್ನಾದರೂ ನೋಡಿ ಆರಿಸಬಹುದು.

ರಸಾಯನಶಾಸ್ತ್ರಜ್ಞರು ಕೈಕಟ್ಟಿ ಕುಳಿತಿಲ್ಲ. ತನ್ನ ಕೆಲಸ ಮುಗಿಸಿ ತಾನೇ ಮಾಯವಾಗುವ ಸಂರಕ್ಷಕಗಳನ್ನು ಅವರು ಕೊಟ್ಟಿದ್ದಾರೆ. ಸೋಡಿಯಂ ಪರ್ಬೋರೇಟ್ ಸೀಸೆಯೊಳಗೆ ಅತ್ಯಲ್ಪವಾಗಿ ಹೈಡ್ರೊಜನ್ ಪೆರಾಕ್ಸೈಡನ್ನು ಬಿಡುತ್ತದೆ. ಕಣ್ಣಿಗೆ ಬಿದ್ದಮೇಲೆ ಅಲ್ಲಿಯ ಕಿಣ್ವಗಳು ಅದನ್ನು ನೀರು ಮತ್ತು ಆಮ್ಲಜನಕಗಳಾಗಿ ಒಡೆಯುತ್ತವೆ. ಸ್ಥಿರೀಕೃತ ಆಕ್ಸಿಕ್ಲೋರೊ ಸಂಕೀರ್ಣ ಎಂಬ ಇನ್ನೊಂದು, ಬೆಳಕು ತಾಗಿದಾಗ ನೀರು, ಆಮ್ಲಜನಕ ಮತ್ತು ನಮ್ಮ ಅಡಿಗೆ ಉಪ್ಪಿನ ಘಟಕಗಳಾಗಿ ಬೇರ್ಪಡುತ್ತದೆ. ನಮ್ಮ ಪೇಟೆಯಲ್ಲಿ ಸಿಗುವ ಹಲವು ಹನಿಗಳಲ್ಲಿ ಇದು ಉಂಟು. ಇನ್ನು ಸಂರಕ್ಷಕವೇ ಇಲ್ಲದವು: ಒಂದು ದಿನಕ್ಕಾಗುವಷ್ಟನ್ನೇ ತುಂಬಿ ಮುಚ್ಚಿದ ಪುಟ್ಟ ಪ್ಲಾಸ್ಟಿಕ್ ಕೊಳವೆಗಳು, ಇಲ್ಲವೆ ಸೂಕ್ಷ್ಮ ಶೋಧಕ ಪೊರೆಯನ್ನೋ ಗಾಳಿಯನ್ನು ಹಿಂದಕ್ಕೆ ಬಿಡದ ಕವಾಟವನ್ನೋ ಅಳವಡಿಸಿದ ವಿಶೇಷ ಸೀಸೆಗಳು. ಇವುಗಳ ಬೆಲೆ ಹೆಚ್ಚು. ಪುಟ್ಟ ಕೊಳವೆಗಳಿಂದ ಪ್ಲಾಸ್ಟಿಕ್ಕಿನ ಕಸವೂ ಹೆಚ್ಚು.

ಹಾಗಾದರೆ ಸಂರಕ್ಷಕವೆಂಬುದನ್ನೇ ತೆಗೆದುಹಾಕಿದರೆ ತೀರಿತಲ್ಲವೆ ಎನ್ನುವವರು 2023ರಲ್ಲಿ ಅಮೆರಿಕದಲ್ಲಿ ನಡೆದುದನ್ನು ತಿಳಿಯಬೇಕು. ಹಲವು ಸಂಸ್ಥಾನಗಳಲ್ಲಿ ರೋಗಿಗಳ ಕಣ್ಣಿಗೂ, ಕೆಲವರಲ್ಲಿ ರಕ್ತಕ್ಕೂ, ಸ್ಯೂಡೊಮೊನಾಸ್ ಏರುಗಿನೋಸಾ ಎಂಬ ಬ್ಯಾಕ್ಟೀರಿಯದ ಸೋಂಕು ತಗುಲಿತು. ಬಹುತೇಕ ಎಲ್ಲ ಪ್ರತಿಜೀವಕಗಳಿಗೂ ಬಗ್ಗದ ತಳಿ ಅದು. ಹುಡುಕುತ್ತ ಹೋದಾಗ ಅನೇಕರು ಬಳಸಿದ್ದುದು ತಮಿಳುನಾಡಿನ ಒಂದು ಕಾರ್ಖಾನೆಯಲ್ಲಿ ತಯಾರಾದ ಕೃತಕ ಕಣ್ಣೀರೆಂದು ತಿಳಿದುಬಂದಿತು. ಅದು ಪದೇಪದೇ ತೆರೆಯುವ ಸೀಸೆ. ಆದರೆ ಅದರಲ್ಲಿ ಸಂರಕ್ಷಕವಿರಲಿಲ್ಲ. ಫೆಬ್ರವರಿಯಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ಸಾಕಷ್ಟು ಸೂಕ್ಷ್ಮಜೀವಿ ಪರೀಕ್ಷೆ ನಡೆಸಿಲ್ಲ, ಇಂಥ ಸೀಸೆಗೆ ತಕ್ಕ ಸಂರಕ್ಷಕವಿಲ್ಲ ಎಂದು ಅಲ್ಲಿಯ ಔಷಧ ನಿಯಂತ್ರಣ ಇಲಾಖೆ ಆಕ್ಷೇಪಿಸಿತು. ಮೇ ತಿಂಗಳ ಹೊತ್ತಿಗೆ ಲೆಕ್ಕ ಹೀಗಿದ್ದಿತು: 18 ಸಂಸ್ಥಾನಗಳಲ್ಲಿ 81 ರೋಗಿಗಳು, 14 ಮಂದಿ ದೃಷ್ಟಿಯನ್ನು ಕಳೆದುಕೊಂಡಿದ್ದರು, ನಾಲ್ವರ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಗಿ ಬಂದಿತ್ತು, ನಾಲ್ವರು ಮೃತರಾಗಿದ್ದರು. ಹಿತಕ್ಕಾಗಿ ಹಾಕಿಕೊಂಡ ಹನಿ ಅದು. ಸಂರಕ್ಷಕವಿಲ್ಲದಿರುವುದು ತಾನಾಗಿಯೇ ಒಂದು ಗುಣವಲ್ಲ. ಅದರ ಕೆಲಸವನ್ನು ಸೀಸೆಯ ರಚನೆಯೂ ಕಾರ್ಖಾನೆಯ ಶುಚಿಯೂ ವಹಿಸಿಕೊಂಡಾಗ ಮಾತ್ರ ಅದು ಗುಣ.

ಬಳಸುವವನ ಶುಚಿಯೂ ಅಷ್ಟೇ ಅವಶ್ಯ. ಕೈ ತೊಳೆದು, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು, ತುದಿ ಎಲ್ಲಿಯೂ ತಾಗದಂತೆ ಒಂದೇ ಹನಿಯನ್ನು ಬಿಟ್ಟು, ಒಂದೆರಡು ನಿಮಿಷ ಕಣ್ಣು ಮುಚ್ಚಿರಬೇಕು. ಬೇರೆ ಔಷಧವೂ ಇದ್ದರೆ ನಡುವೆ ಐದು ನಿಮಿಷ ಬಿಡುವು, ಜೆಲ್ಲು ಕೊನೆಗೆ. ತೆರೆದ ಸೀಸೆಯನ್ನು ತಿಂಗಳಾದ ಮೇಲೆ, ಅರ್ಧ ಉಳಿದಿದ್ದರೂ, ಎಸೆಯಬೇಕು. ‘ದುಡ್ಡು ಕೊಟ್ಟು ತಂದದ್ದು’ ಎಂದು ಉಳಿಸಿಕೊಂಡು ಮನೆಮಂದಿಯೆಲ್ಲ ಹಂಚಿಕೊಳ್ಳುವುದು ನಮ್ಮ ಮಿತವ್ಯಯದ ಕೆಟ್ಟ ಮುಖ. ನೋವು, ಬೆಳಕನ್ನು ನೋಡಲಾರದ ಬಾಧೆ, ಒಂದೇ ಕಣ್ಣಿನ ಕೆಂಪು, ದೃಷ್ಟಿ ಕುಂದುವುದು, ಇವುಗಳಲ್ಲಿ ಒಂದು ಇದ್ದರೂ ಹನಿಗಳ ಪ್ರಯೋಗವನ್ನು ಬಿಟ್ಟು ಅದೇ ದಿನ ವೈದ್ಯರನ್ನು ಕಾಣಬೇಕು.

ಇಷ್ಟೆಲ್ಲ ತಿಳಿದ ಮೇಲೆಯೂ ಕೊಳ್ಳುವವನು ಆರಿಸುವುದು ಹೇಗೆ? ಸೀಸೆಯ ಮೇಲಿನ ಬರಹ ಬಹುಮಟ್ಟಿಗೆ ಇಂಗ್ಲಿಷಿನಲ್ಲಿದೆ, ಅಕ್ಷರಗಳು ಸಾಸಿವೆಕಾಳಿಗಿಂತ ಸಣ್ಣವು. ಕಣ್ಣು ಸರಿಯಿಲ್ಲದವರಿಗೆಂದು ಮಾಡಿದ ವಸ್ತುವಿನ ಮೇಲೆ ಕಣ್ಣು ಸರಿಯಿದ್ದವರಿಗೂ ಓದಲಾಗದಂತೆ ಅಚ್ಚು ಹಾಕುವುದು ಎಂಥ ವಿವೇಕವೋ ತಿಳಿಯದು. ಸಂರಕ್ಷಕದ ಹೆಸರು, ಅದು ಇಲ್ಲದಿದ್ದರೆ ‘ಸಂರಕ್ಷಕವಿಲ್ಲ’ ಎಂಬ ಮಾತು, ಹನಿ ತೆಳುವೋ ಮಂದವೋ ಎಂಬುದು, ತೆರೆದ ತಾರೀಖನ್ನು ಬರೆದುಕೊಳ್ಳಲು ಒಂದು ಖಾಲಿ ಜಾಗ, ಈ ನಾಲ್ಕನ್ನು ಪೆಟ್ಟಿಗೆಯ ಮುಖಭಾಗದಲ್ಲಿ ದಪ್ಪಕ್ಷರದಲ್ಲಿ, ಮಾರುವ ನಾಡಿನ ಭಾಷೆಯಲ್ಲಿ ಅಚ್ಚುಹಾಕಬೇಕೆಂದು ಸರ್ಕಾರ ವಿಧಿಸಬಾರದೇಕೆ? ಇದಕ್ಕೆ ಹೊಸ ಸಂಶೋಧನೆ ಬೇಕಿಲ್ಲ, ಹೊಸ ಯಂತ್ರವೂ ಬೇಕಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ, ದಿನಕ್ಕೆ ಆರೇಳು ಸಲ ಹನಿ ಬೇಕಾಗುವ ಬಡ ರೋಗಿಗಳಿಗೆ ಸಂರಕ್ಷಕವಿಲ್ಲದ ಹನಿ ಕೈಗೆಟಕುವಂತೆ ಮಾಡುವುದು ಇದಕ್ಕಿಂತ ಹೆಚ್ಚು ಖರ್ಚಿನ ಕೆಲಸ. ಆದರೆ ಅದನ್ನೂ ಕೇಳಬೇಕಾದ ಕಾಲ ಬಂದಿದೆ.

ಅಲ್ಲಿಯವರೆಗೆ, ಮನೆಯಲ್ಲಿ ಆ ಸಾಸಿವೆ ಅಕ್ಷರಗಳನ್ನು ಓದಬಲ್ಲವರು ವಿದ್ಯಾರ್ಥಿಗಳಾದ ನೀವೇ. ನಿಮ್ಮ ಸೀಸೆಯನ್ನು ಮಾತ್ರವಲ್ಲದೆ ಅಜ್ಜಿಯ ತಲೆದಿಂಬಿನ ಬಳಿ ಇರುವ ಸೀಸೆಯನ್ನೂ ಬೆಳಕಿಗೆ ಹಿಡಿದು ನೋಡಿ. ಬೆಂಜಾಲ್ಕೋನಿಯಮ್ ಎಂಬ ಪದ ಕಂಡರೆ, ಅವರು ದಿನಕ್ಕೆ ಎಷ್ಟು ಸಲ ಹಾಕಿಕೊಳ್ಳುತ್ತಾರೆಂದು ಕೇಳಿ, ಎರಡನ್ನೂ ಒಂದು ಚೀಟಿಯಲ್ಲಿ ಬರೆದು, ಮುಂದಿನ ಸಲ ಕಣ್ಣಿನ ಡಾಕ್ಟರಲ್ಲಿಗೆ ಹೋಗುವಾಗ ಅವರ ಕೈಯಲ್ಲಿ ಕೊಟ್ಟು ಕಳುಹಿಸಿ.